ಎರಡನೆಯ ಡಬ್ಬಿ

"ಸೀಸ ಇಲ್ಲ."

ಡಾಕ್ಟರು ಮರುಳಪ್ಪನವರು ಬೆಂಗಳೂರಿನಿಂದ ಬಂದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಸಲ ಓದಿದರು. ಓದಿ, ಅದರಲ್ಲಿ ತಮಗೆ ಬೇಕಾದ ಮಾತು ಸಿಗದವರಂತೆ ಹಣೆ ಉಜ್ಜಿಕೊಂಡರು.

"ಸಾಫ್ ಬರ್ದಾರಮ್ಮಾ. ನಿಮ್ಮ ಕುಂಕುಮದಾಗೆ ಸೀಸ ಇಲ್ಲ, ಪಾದರಸ ಇಲ್ಲ. ಅರಿಶಿನ, ಬಿಳಿಗಾರ, ಪಟಿಕ, ನಿಂಬೆಹುಳಿ, ಅಷ್ಟೇ."

ಹೊನ್ನಾಳಿ ಆಸ್ಪತ್ರೆಯ ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಶಿವಗಂಗಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಮಗಳ ಮಗಳು ಗಿಡ್ಡಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನಾಲ್ಕು ವರ್ಷದ ಕೂಸು ಎರಡು ವರ್ಷದ್ದರಂತೆ ಹಗುರವಾಗಿತ್ತು. ಕಾಗದದ ಮಾತು ಕೇಳಿ ಅವಳಿಗೆ ಹಿಗ್ಗಾಗಬೇಕಿತ್ತು. ಆಗಿದ್ದು ಬೇರೆ ಏನೋ. ಎದೆಯೊಳಗೆ ಒಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡ ಹಾಗೆ.

"ನಾ ಹೇಳಿರ್ಲಿಲ್ಲೇನ್ರೀ ಸಾಹೇಬ್ರೇ?" ಬಾಟಲಿಗಳ ಕಪಾಟಿನ ಹತ್ತಿರ ನಿಂತಿದ್ದ ಕಂಪೌಂಡರ್ ಕೊಟ್ರಬಸಪ್ಪ ನಕ್ಕ. ಅವನೂ ಶಿವಗಂಗಮ್ಮನ ಊರು ನ್ಯಾಮತಿಯವನೇ. "ನಮ್ಮ ಮನ್ಯಾಗೆ ನಮ್ಮಜ್ಜಿ ಕಾಲದಿಂದ ಇವರ ಮನಿ ಕುಂಕುಮಾನೇ. ಅದ್ರಾಗೆ ವಿಷ ಇದ್ದಿದ್ರೆ ನನ್ ಹೆಂಡ್ತಿ ಇಷ್ಟೊತ್ತಿಗೆ ಮೆತ್ತಗಾಗ್ಬೇಕಿತ್ತು. ಎಲ್ಲಿ? ದಿನಾ ಜೋರಾಗ್ತಾ ಐದಾಳೆ."

ಡಾಕ್ಟರು ನಗಲಿಲ್ಲ. ಎದ್ದು ಬಂದು, ಕೂಸಿನ ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿದರು. ವಸಡಿನ ಅಂಚಿಗೆ ಯಾರೋ ಶಾಯಿಯಲ್ಲಿ ಗೀಚಿದ ಹಾಗೆ ಸಣ್ಣ ನೀಲಿ ಗೆರೆ. ತಿಂಗಳ ಹಿಂದೆ ಅವರು ಅದನ್ನು ಮೊದಲು ಕಂಡಾಗ ಶಿವಗಂಗಮ್ಮನಿಗೂ ತೋರಿಸಿದ್ದರು. ಸೀಸ ಮೈಗೆ ಹೋದರೆ ಹೀಗಾಗುತ್ತದೆ, ಹೊಟ್ಟೆ ಹಿಂಡುತ್ತದೆ, ವಾಂತಿಯಾಗುತ್ತದೆ, ಕೈಕಾಲು ಸೋಲುತ್ತವೆ ಎಂದಿದ್ದರು. ಈ ಕೂಸು ಸಾಸ್ವೆಹಳ್ಳಿಯಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದಾಗ ಉಂಡು ಆಡಿಕೊಂಡಿರುತ್ತದೆ, ನ್ಯಾಮತಿಗೆ ಅಜ್ಜಿಯ ಮನೆಗೆ ಬಂದರೆ ಮಲಗುತ್ತದೆ. ಹಾಗಾದರೆ ಅಲ್ಲಿಲ್ಲದ್ದು ಇಲ್ಲಿ ಏನಿದೆ ಎಂದು ಕೇಳಿದ್ದರು. ಅಲ್ಲಿಲ್ಲದ್ದು ಇಲ್ಲಿದ್ದದ್ದು ಒಂದೇ: ಕುಂಕುಮದ ಒರಳು.

"ಕುಂಕುಮ ಅಲ್ಲ ಅಂದ್ಮೇಲೆ ಪಾತ್ರೆ," ಎಂದರು ಡಾಕ್ಟರು ಈಗ. "ಹುಳಿ ಕಾಯ್ಸೋ ಹಿತ್ತಾಳೆ ತಪ್ಪಲೆಗೆ ಕಲಾಯಿ ಯಾರು ಹಾಕೋದು?"

"ದಾದಾಪೀರ್ ಸಾಬ್ರು."

"ತವರಕ್ಕೆ ಸೀಸ ಬೆರೆಸ್ತಾರೆ ಕೆಲವ್ರು. ಈ ಯುದ್ಧ ಬಂದ್ಮೇಲೆ ತವರ ಎಲ್ಲಿ ಸಿಗ್ತದೆ? ಇವತ್ತೇ ಆ ಪಾತ್ರೆ ಎಲ್ಲ ಅಟ್ಟಕ್ಕೆ ಹಾಕ್ರಿ. ಮಣ್ಣಿನ ಗಡಿಗೆಯಾಗೆ ಅಡಿಗೆ ಮಾಡ್ರಿ. ಕೊಟ್ರಬಸಪ್ಪಾ, ನಿಮ್ಮ ಊರಾಗೆ ನಾಕು ಮಂದಿಗೆ ಹೇಳು."

"ಹೇಳ್ದೆ ಬಿಡ್ತೀನೇನ್ರೀ?" ಎಂದ ಕೊಟ್ರಬಸಪ್ಪ.

ಇದ್ದಿಲಿನ ಬಸ್ಸು ಕೆಮ್ಮುತ್ತ ನ್ಯಾಮತಿಯ ಕಡೆ ಹೊರಟಿತು. ಡಾಕ್ಟರು ಕೊಟ್ಟ ಕಾಗದದ ನಕಲು ಶಿವಗಂಗಮ್ಮನ ಸೆರಗಿನ ಗಂಟಿನಲ್ಲಿತ್ತು. ಬೆಂಗಳೂರಿಗೆ ಹೋದ ಕುಂಕುಮ ಈ ಕೂಸಿನ ಹಣೆಯ ಮೇಲಿನ ಕುಂಕುಮ ಅಲ್ಲವೆಂದು ಆ ಬಸ್ಸಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಅವಳ ಮನೆಯಲ್ಲಿ ಎರಡು ಡಬ್ಬಿಗಳಿದ್ದವು. ಒಂದು ದೇವರ ಗೂಡಿನಲ್ಲಿದ್ದ ಹಿತ್ತಾಳೆಯದು. ಇನ್ನೊಂದು ಪಡಸಾಲೆಯ ಮೂಲೆಯ ತಗಡಿನದು, ಯಾವಾಗಲೋ ಬಿಸ್ಕತ್ತು ತುಂಬಿಕೊಂಡು ಬಂದಿದ್ದು.

ಹಿತ್ತಾಳೆ ಡಬ್ಬಿಯಲ್ಲಿದ್ದದ್ದು ಅವಳ ಅತ್ತೆ ಕಲಿಸಿದ ಕುಂಕುಮ. ಅರಿಶಿನದ ಕೊಂಬನ್ನು ಚೂರು ಮಾಡಿ, ಬಿಳಿಗಾರ, ಪಟಿಕ ಕರಗಿಸಿದ ನಿಂಬೆಹುಳಿಯಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಬೇಕು. ಹಳದಿ ಒಳಗಿಂದೊಳಗೇ ತಿರುಗಿ ಕೆಂಪಾಗುತ್ತದೆ. ಕುಟ್ಟಿ, ಬಟ್ಟೆಯಲ್ಲಿ ಸೋಸಿ, ತುಪ್ಪದ ಕೈ ಆಡಿಸಿದರೆ ಮುಗಿಯಿತು. ಯುದ್ಧ ಶುರುವಾದ ಮೇಲೆ ಪೇಟೆಯಲ್ಲಿ ಬಿಳಿಗಾರ ಮಾಯವಾಯಿತು. ಇದ್ದಷ್ಟರಲ್ಲೇ ಮಾಡಿದರೆ ಕುಂಕುಮ ಹಳೆಯ ಇಟ್ಟಿಗೆಯ ಬಣ್ಣಕ್ಕೆ ನಿಂತುಬಿಡುತ್ತಿತ್ತು. ಹಿಂದಿನ ಬೀದಿಯ ಭೀಮಕ್ಕ ಕೊಂಡದ್ದನ್ನು ವಾಪಸು ತಂದು, "ಏನ್ ಶಿವಗಂಗಿ, ನೀ ಹಚ್ಕಳಲ್ಲ ಅಂತ ನಮಗೂ ಮಣ್ಣು ಕೊಡ್ತೀಯೇನು?" ಎಂದು ಕಟ್ಟೆಯ ಮೇಲೆ ಸುರಿದು ಹೋಗಿದ್ದಳು. ಆ ಮಾತಿನ ಎರಡನೆಯ ಅರ್ಧಕ್ಕಿಂತ ಮೊದಲನೆಯ ಅರ್ಧ ಬಹಳ ದಿನ ಚುಚ್ಚಿತು.

ಅಂಗಡಿಯ ಗೋಣೆಪ್ಪ ದಾರಿ ಹೇಳಿಕೊಟ್ಟ. ಅವನ ಅಂಗಡಿಯ ಒಳಕೋಣೆಯಲ್ಲಿ ಒಂದು ಪೀಪಾಯಿ ಸಿಂಧೂರವಿತ್ತು. ನೀರಿನ ತೊಟ್ಟಿಗೆ, ಕಬ್ಬಿಣದ ಗೇಟಿಗೆ ಬಳಿಯುವವರೂ ಅದನ್ನೇ ಒಯ್ಯುತ್ತಿದ್ದರು, ಗುಡಿಯ ಪೂಜಾರಿಯೂ ಅದನ್ನೇ ಒಯ್ಯುತ್ತಿದ್ದ.

"ಆಂಜನೇಯಂಗೆ ಮೈತುಂಬ ಬಳೀತಾರೆ, ಅಕ್ಕಾ. ದೇವರ ಮೈಗೆ ಆಗಿದ್ದು ಮನುಷ್ಯರ ಹಣಿಗೆ ಆಗಲ್ಲೇನು?"

ಅವಳು ಒಂದು ಪೊಟ್ಟಣ ಒಯ್ದಳು. ಮೊದಲು ಒಂದು ಚಿಟಿಕೆ ಹಾಕಿದಳು, ಆಮೇಲೆ ಹಿಡಿ, ಆಮೇಲೆ ಪಾವು. ತಗಡಿನ ಡಬ್ಬಿಯ ಕುಂಕುಮ ಬೆಂಕಿಯಂತೆ ಹೊಳೆಯಿತು. ಭೀಮಕ್ಕ ತಾನೇ ಬಂದು ಎರಡು ಪಟ್ಟು ಒಯ್ದಳು.

ಕುಂಕುಮದ ಬಣ್ಣ ಡಬ್ಬಿಯಲ್ಲಿ ತಿಳಿಯುವುದಿಲ್ಲ. ಹಣೆಯ ಮೇಲೆ, ಬೆಳಗಿನ ಬಿಸಿಲಲ್ಲಿ ನೋಡಬೇಕು. ಅವಳ ಅತ್ತೆ ತನ್ನ ಹಣೆಗೇ ಇಟ್ಟುಕೊಂಡು ಕನ್ನಡಿ ನೋಡುತ್ತಿದ್ದಳು. ಶಿವಗಂಗಮ್ಮನೂ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನ ತನಕ ಹಾಗೆ ನೋಡಿದವಳೇ. ಗಂಡ ಹೋದ ಮೇಲೆ ಅವಳ ಹಣೆಗೆ ವಿಭೂತಿ ಮಾತ್ರ ಬಂತು, ಕನ್ನಡಿ ಮೂಲೆಗೆ ಹೋಯಿತು. ಆಮೇಲೆ ಮಗಳು ಕಸ್ತೂರಮ್ಮನ ಹಣೆ ಸಿಕ್ಕಿತು. ಮಗಳು ಮದುವೆಯಾಗಿ ಸಾಸ್ವೆಹಳ್ಳಿಗೆ ಹೋದಳು. ಅವಳಿಗೆ ಎರಡನೆಯ ಹೆರಿಗೆಯಾದಾಗಿನಿಂದ ಗಿಡ್ಡಮ್ಮ ಆಗಾಗ ಅಜ್ಜಿಯ ಹತ್ತಿರ ಬಂದಿರತೊಡಗಿದಳು. ಒಂದೊಂದು ಪಾಕಕ್ಕೂ ನಾಲ್ಕೈದು ಸಲ ಕೂಸನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಬೊಟ್ಟು ಇಡುವುದು, ದೂರ ಸರಿದು ಕಣ್ಣು ಕಿರಿದು ಮಾಡಿ ನೋಡುವುದು, ಒರೆಸುವುದು, ಮತ್ತೆ ಇಡುವುದು. ಒರೆಸಿದ ಕೆಂಪು ಕೂಸಿನ ಕೆನ್ನೆಗೆ, ಕೈಗೆ ಇಳಿಯುತ್ತಿತ್ತು. ಕೂಸು ಬೆರಳು ನೆಕ್ಕಿ, "ಸೀ ಐತೆ ಅಜ್ಜೀ," ಎನ್ನುತ್ತಿತ್ತು. ನಿಂಬೆಹುಳಿ ಸಿಹಿಯಾಗುವುದು ಹೇಗೆ ಎಂದು ಅಜ್ಜಿ ಒಂದು ದಿನವೂ ಯೋಚಿಸಿರಲಿಲ್ಲ.

ಡಾಕ್ಟರು ಸ್ಯಾಂಪಲ್ಲು ಕೇಳಿದ ದಿನ ಸುಳ್ಳು ಹೇಳಬೇಕೆಂದು ಅವಳು ಎದ್ದವಳಲ್ಲ. ಬಂದವರಿಗೆ ಒಳ್ಳೆಯ ತಟ್ಟೆ ಇಡುವ ಹಾಗೆ ಕೈ ತಾನಾಗಿ ಹಿತ್ತಾಳೆ ಡಬ್ಬಿಗೆ ಹೋಯಿತು. ಕುಂಕುಮದಿಂದ ಕೂಸಿಗೆ ಹೀಗಾಯಿತೆಂದು ಅವಳು ನಂಬಿಯೇ ಇರಲಿಲ್ಲ. ಅವಳು ಅಂಜಿದ್ದು 'ಬೆರಕೆ' ಎಂಬ ಒಂದು ಮಾತಿಗೆ. ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ಆ ಮಾತು ಬಂದರೆ ಮೂರು ತಲೆಮಾರಿನ ಹೆಸರು ಒಂದೇ ದಿನಕ್ಕೆ ಹೋಗುತ್ತಿತ್ತು.

ಕಾಗದದ ನಕಲನ್ನು ಅವಳು ತಗಡಿನ ಡಬ್ಬಿಯ ಕೆಳಗೆ ಇಟ್ಟಳು. ಅವಳಿಗೆ ಓದಲು ಬಾರದು. ನೆರೆಯ ಉಚ್ಚಂಗಮ್ಮನ ಮಗ ಓದಿ ಹೇಳಿದ; ಕೇಳಿದವರೆಲ್ಲ ತಲೆದೂಗಿದರು. "ಬೆಂಗಳೂರಿನಾಗೇ ಪಾಸಾತು ನಮ್ಮೂರ ಕುಂಕುಮ," ಎಂದರು. ದಿನಕ್ಕೆ ಇಬ್ಬರು ಮೂವರು ಹಾಗೆ ಅನ್ನತೊಡಗಿದ ಮೇಲೆ, ಎಂಟನೆಯ ದಿನಕ್ಕೋ ಹತ್ತನೆಯ ದಿನಕ್ಕೋ, ಅವಳಿಗೂ ಹಾಗೇ ಅನ್ನಿಸತೊಡಗಿತು. ಕಾಗದ ಇರುವುದು ಕುಂಕುಮಕ್ಕೆ, ಇದೂ ಕುಂಕುಮವೇ. ಹೊಸ ಪಾಕ ಒಣಗಿದ ದಿನ ಕೂಸನ್ನು ಅಂಗಳಕ್ಕೆ ಕರೆದು, ಬಿಸಿಲಿಗೆ ನಿಲ್ಲಿಸಿ, ಬೊಟ್ಟು ಇಟ್ಟಳು.

"ಸಾಕಜ್ಜೀ, ಕಾಲು ನೋಯ್ತೈತೆ."

"ಒಂದೇ ಒಂದು, ನನ್ ಬಂಗಾರೀ. ತಲಿ ಎತ್ತು."

ಮಣ್ಣಿನ ಗಡಿಗೆಯಲ್ಲಿ ಅಡಿಗೆ ನಡೆದಿತ್ತು. ಆದರೂ ಕೂಸು ಮೂರು ದಿನಕ್ಕೊಮ್ಮೆ ಹೊಟ್ಟೆ ಹಿಡಿದುಕೊಂಡು ಮುದುರುತ್ತಿತ್ತು. ಒಂದು ದಿನ ಕೈಗೆ ಕೊಟ್ಟ ಬೆಲ್ಲದ ಚೂರು ಕೆಳಗೆ ಬಿತ್ತು. ಹೆಕ್ಕಿ ಮತ್ತೆ ಕೊಟ್ಟಳು, ಮತ್ತೆ ಬಿತ್ತು. ಆಗ ನೋಡಿದಳು: ಕೂಸಿನ ಬಲಗೈ ಮಣಿಕಟ್ಟಿನಿಂದ ಕೆಳಗೆ, ಬಾಡಿದ ಎಲೆಯ ಹಾಗೆ ಜೋತಿತ್ತು.

ಅವಳು ಸಾಸ್ವೆಹಳ್ಳಿಗೆ ಹೇಳಿಕಳಿಸಿದಳು. ಕಸ್ತೂರಮ್ಮ ಮೊಲೆಯ ಕೂಸನ್ನು ಬಗಲಲ್ಲಿ ಹಾಕಿಕೊಂಡು ಮಾರನೆಯ ದಿನವೇ ಗಾಡಿ ಹೂಡಿಸಿಕೊಂಡು ಬಂದಳು. ಮಗಳ ಕೈ ನೋಡಿ ಅವಳು ಅಳಲಿಲ್ಲ. ನೀರು ಕಾಯಿಸಿ ಮೈ ತೊಳೆದಳು, ತಲೆ ಬಾಚಿದಳು, "ಹೊನ್ನಾಳಿಗೆ ಹೋಗಾನ, ಆಮ್ಯಾಲೆ ಇವಳ್ನ ನಮ್ಮೂರಿಗೇ ಕರ್ಕೊಂಡು ಹೋಗ್ತೀನಿ," ಎಂದಳು.

ಅಷ್ಟರಲ್ಲಿ ಕಟ್ಟೆಯ ಕೆಳಗೆ ಯಾರೋ ಕೆಮ್ಮಿದರು.

ದಾದಾಪೀರ್ ಸಾಬರು ನಿಂತಿದ್ದರು. ಹೆಗಲಿಗೆ ತಿದಿಯ ಚರ್ಮದ ಚೀಲ. ಕೈಯಲ್ಲಿ ಪಾತ್ರೆ ಒಂದೂ ಇರಲಿಲ್ಲ. ಮೂವತ್ತು ವರ್ಷದಿಂದ ಈ ಬೀದಿಯಲ್ಲಿ ಕಲಾಯಿ ಎಂದು ಕೂಗಿದವರು ಇವತ್ತು ಕೂಗದೆ ನಿಂತಿದ್ದರು.

"ಬರ್ರಿ ಸಾಬ್ರೇ," ಎಂದಳು ಶಿವಗಂಗಮ್ಮ.

"ಬರಾಕೆ ಬಂದಿಲ್ಲಕ್ಕಾ. ಕೇಳಾಕೆ ಬಂದೆ. ಹದಿನೈದು ದಿನ ಆತು, ಈ ಊರಾಗೆ ಒಂದು ಚೊಂಬು ಕೂಡ ನನ್ ಕೈಗೆ ಕೊಡ್ಲಿಲ್ಲ. ಚೀಲೂರಾಗೂ ಕೊಡ್ಲಿಲ್ಲ. ನನ್ನ ಕಲಾಯಿಯಾಗೆ ವಿಷ ಐತಂತೆ. ನಿಮ್ಮ ಕೂಸಿಗೆ ನಾನೇ ಹಾಕಿದೆನಂತೆ."

"ನಾ ಹಂಗಂದಿಲ್ಲ."

"ನೀವು ಅಂದಿಲ್ಲ. ನೀವು ಏನೂ ಅಂದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ತುಸು ಸುಲಭವಾಗುತ್ತಿತ್ತು. "ಈ ಕೂಸಿನ ಮೊದಲ ಚೊಂಬಿಗೆ ಕಲಾಯಿ ಹಾಕ್ದೋನು ನಾನು. ದುಡ್ಡು ಬ್ಯಾಡ, ಒಂದು ಉಂಡಿ ಬೆಲ್ಲ ಕೊಡ್ರಿ ಅಂದಿದ್ದೆ. ನೆನಪೈತೇನು?"

ಸಾಬರು ಚೀಲಕ್ಕೆ ಕೈ ಹಾಕಿ, ಒಂದು ಗೇಣಿಗಿಂತ ಸಣ್ಣದಾದ ತವರದ ಕಡ್ಡಿ ತೆಗೆದು ಕಟ್ಟೆಯ ಮೇಲೆ ಇಟ್ಟರು.

"ಇದನ್ನೂ ಬೆಂಗಳೂರಿಗೆ ಕಳ್ಸಾಕೆ ಹೇಳ್ರಿ ಡಾಕ್ಟ್ರಿಗೆ. ನೋಡ್ರಿ, ಇದು ಎತ್ತಿಟ್ಟಿದ್ದಲ್ಲ. ಕಡೇ ಪಾತ್ರೆಗೆ ತಿಕ್ಕಿದ್ದೇ ಇದು. ಮೂತಿ ಸುಟ್ಟೈತೆ ನೋಡ್ರಿ. ನಾ ಏನು ಹಚ್ತೀನೋ ಅದನ್ನೇ ಕೊಡ್ತಾ ಇದೀನಿ."

ಅವರು ತಿರುಗಿ ಹೋದರು. ಕಡ್ಡಿ ಬಿಸಿಲಲ್ಲಿ ಬಿದ್ದಿತ್ತು. ಒಂದು ತುದಿ ಕರಗಿ, ಕಪ್ಪಾಗಿ, ಬೂದಿ ಅಂಟಿಕೊಂಡಿತ್ತು. ಶಿವಗಂಗಮ್ಮ ಕಡ್ಡಿಯನ್ನು ಎತ್ತಿಕೊಂಡು, ಆ ಸುಟ್ಟ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಒಳಗೆ ಬಂದಾಗ ಕಸ್ತೂರಮ್ಮ ಮಗಳ ಬೈತಲೆ ತೆಗೆದು ಮುಗಿಸಿದ್ದಳು. ಎಡಗೈಯಲ್ಲಿ ಕೂಸಿನ ಗದ್ದ ಹಿಡಿದು, ಬಲಗೈಯ ಉಂಗುರದ ಬೆರಳಿನಿಂದ ತಗಡಿನ ಡಬ್ಬಿಯ ಕುಂಕುಮ ತೆಗೆದು ಹಣೆಯ ನಡುವೆ ಇಟ್ಟಳು. ದೊಡ್ಡ, ದುಂಡನೆಯ, ಚೆಂದದ ಬೊಟ್ಟು.

ಶಿವಗಂಗಮ್ಮ ಓಡಿಬಂದವಳೇ ಸೆರಗಿನ ತುದಿಯನ್ನು ಚೊಂಬಿನ ನೀರಿಗೆ ಅದ್ದಿ ಅದನ್ನು ಒರೆಸಿಹಾಕಿದಳು. ಒಂದು ಸಲ, ಎರಡು ಸಲ, ಕೂಸು ನೋವಿನಿಂದ ಮುಖ ತಿರುಗಿಸುವಷ್ಟು.

"ಏನ್ ಮಾಡ್ತೀಯವ್ವಾ! ಹೆಣ್ಣು ಕೂಸಿನ ಹಣಿ! ನಿನಗೇನು ಬುದ್ಧಿಗಿದ್ದಿ..."

"ಬೆಂಗಳೂರಿಗೆ ಕಳ್ಸಿದ್ದು ಇದನ್ನಲ್ಲ."

"ಏನು?"

"ಇದನ್ನಲ್ಲ ಕಸ್ತೂರೀ. ದೇವರ ಗೂಡಿಂದು ಕಳ್ಸಿದ್ದೆ. ಇದ್ರಾಗೆ ಸಿಂಧೂರ ಐತೆ. ಗೋಣೆಪ್ಪನ ಅಂಗಡೀದು. ಎರಡು ವರ್ಷದಿಂದ ಹಾಕ್ತಾ ಇದೀನಿ."

ಬಗಲಿನ ಕೂಸು ಅಳತೊಡಗಿತು. ಕಸ್ತೂರಮ್ಮ ಅದನ್ನು ಸಮಾಧಾನ ಮಾಡಲಿಲ್ಲ. ಅವಳು ತಗಡಿನ ಡಬ್ಬಿಯನ್ನು ನೋಡಿದಳು, ಗೂಡಿನ ಹಿತ್ತಾಳೆ ಡಬ್ಬಿಯನ್ನು ನೋಡಿದಳು.

"ತಿಂಗಳಿಗೊಮ್ಮೆ ನನಗೆ ಸಾಸ್ವೆಹಳ್ಳಿಗೆ ಕಳಿಸ್ತಿದ್ಯಲ್ಲ, ಅದು?"

"ಅದು ಹಿತ್ತಾಳಿ ಡಬ್ಬೀದು. ನಿಮ್ಮತ್ತಿ ಮುಂದೆ ಹೆಸರು ಕೆಡಬಾರ್ದು ಅಂತ..."

"ಹೌದಾ," ಎಂದಳು ಕಸ್ತೂರಮ್ಮ ಬಹಳ ಮೆಲ್ಲಗೆ. "ಬೀಗರಿಗೆ ಒಳ್ಳೇದು. ನನ್ ಮಗಳಿಗೆ ಇದು."

ಅವಳು ಆಗಲೇ ಹೊನ್ನಾಳಿಗೆ ಗಾಡಿ ಹೂಡಿಸಿದಳು. ಗಾಡಿಯಲ್ಲಿ ತಗಡಿನ ಡಬ್ಬಿ ಶಿವಗಂಗಮ್ಮನ ತೊಡೆಯ ಮೇಲಿತ್ತು. ಕೂಸು ಅವ್ವನ ತೊಡೆಯ ಮೇಲಿತ್ತು. ದಾರಿಯಲ್ಲಿ ಎದುರಾದ ಹೆಂಗಸರು ಕೂಸಿನ ಬರಿಯ ಹಣೆ ನೋಡಿ, ಅಜ್ಜಿಯ ಹಣೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು.

ಮರುಳಪ್ಪನವರು ಎಲ್ಲವನ್ನೂ ನಿಂತೇ ಕೇಳಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಜಗಳೂರು ಸೀಮೆಯವರು, ಸಿಟ್ಟಿನವರೆಂದು ಹೆಸರಾಗಿದ್ದವರು. ಆದರೆ ಅವರು ಡಬ್ಬಿಯ ಮುಚ್ಚಳ ತೆಗೆದು, ಚಿಟಿಕೆ ಕುಂಕುಮವನ್ನು ಬೆಳಕಿಗೆ ಹಿಡಿದು, "ತಿಂಗಳು," ಎಂದರು. "ಒಂದೂವರೆ ತಿಂಗಳು ಹೋತಲ್ಲಮ್ಮಾ."

ಅವಳು ತವರದ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟು ಅದು ಯಾರದೆಂದು ಹೇಳಿದಳು. ಡಾಕ್ಟರು ಅದನ್ನು ಅವಳ ಕಡೆಗೇ ಸರಿಸಿದರು.

"ಇದನ್ನ ಅವ್ರಿಗೆ ವಾಪಸ್ ಕೊಡ್ರಿ. ನೀವೇ ಹೋಗಿ, ಬೀದಿಯಾಗೆ, ನಾಕು ಜನರ ಎದುರಿಗೆ. ಇದನ್ನೆಲ್ಲ ಹೇಳಿ ಕೊಡ್ರಿ."

"ಹೂಂ," ಎಂದಳು.

ಮತ್ತೆ ಬೆಂಗಳೂರಿಗೆ ಕಳಿಸಿ ಉತ್ತರಕ್ಕೆ ಕಾಯುವಷ್ಟು ವ್ಯವಧಾನ ಅವರಿಗಿರಲಿಲ್ಲ. ಹೋದ ಸಲದ ಕಾಗದದ ಕೊನೆಗೆ ಅಲ್ಲಿನ ರಸಾಯನದವರು ನಾಲ್ಕು ಸಾಲು ಬರೆದಿದ್ದರು: ಬೇರೆ ಮಾದರಿಗಳ ಮೇಲೆ ಸಂಶಯವಿದ್ದರೆ ನಿಮ್ಮಲ್ಲೇ ಹೀಗೆ ನೋಡಬಹುದು ಎಂದು. ಡಾಕ್ಟರು ಆ ಸಾಲುಗಳನ್ನು ಮುಂದಿಟ್ಟುಕೊಂಡು, ಪಿಂಗಾಣಿಯ ಬಟ್ಟಲಿಗೆ ಒಂದು ಚಮಚ ಕುಂಕುಮ ಹಾಕಿ, ಸ್ಪಿರಿಟ್ ದೀಪ ಹೊತ್ತಿಸಲು ಹೇಳಿದರು. ಕೊಟ್ರಬಸಪ್ಪ ಹೊತ್ತಿಸಿದ. ಕಡ್ಡಿ ಗೀರುವಾಗ ಎರಡು ಸಲ ಮುರಿಯಿತು.

"ಅರಿಶಿನ ಸುಟ್ಟು ಹೋಗ್ತದೆ," ಎಂದರು ಡಾಕ್ಟರು ಯಾರಿಗೂ ಅಲ್ಲದಂತೆ. "ಲೋಹ ಎಲ್ಲಿ ಹೋಗ್ತದೆ?"

ಕೋಣೆಯ ತುಂಬ ಸುಟ್ಟ ಅರಿಶಿನದ ವಾಸನೆ ಹಬ್ಬಿತು. ಅವಳ ಅಡಿಗೆಮನೆಯ ವಾಸನೆ ಅದು, ಬಾಣಂತಿ ಕೋಣೆಯ ವಾಸನೆ. ಕೆಂಪು ಕಪ್ಪಾಯಿತು, ಕಪ್ಪು ಬೂದಿಯಾಯಿತು. ಡಾಕ್ಟರು ಬೂದಿಗೆ ನೀರು ಬೆರೆಸಿದ ಆಮ್ಲ ಹನಿಸಿ ಕಾಯಿಸಿದರು, ಮಡಿಚಿದ ಕಾಗದದಲ್ಲಿ ಸೋಸಿದರು. ಗಾಜಿನ ನಳಿಕೆಗೆ ಇಳಿದದ್ದು ತಿಳಿಯಾದ ನೀರು. ಅದರಲ್ಲಿ ಏನೂ ಇರಲಿಲ್ಲ. ಶಿವಗಂಗಮ್ಮ ಕತ್ತು ಚಾಚಿ ನೋಡಿದಳು. ಬಾವಿಯ ನೀರಿಗಿಂತ ತಿಳಿಯಾಗಿತ್ತು.

"ಅಯೊಡೈಡ್ ಕೊಡು."

ಕೊಟ್ರಬಸಪ್ಪ ಕಪಾಟಿನಿಂದ, ಗಂಟಲು ಗೆಡ್ಡೆಯವರಿಗೆ ಕೊಡುವ ಔಷಧದ ಕಂದು ಬಾಟಲಿ ತಂದ. ಡಾಕ್ಟರು ಒಂದು ಹನಿ ಬಿಟ್ಟರು. ಇನ್ನೊಂದು. ಮೂರನೆಯದು ಬೀಳುವ ಮೊದಲೇ ನಳಿಕೆಯ ನೀರು ಹಳದಿಯಾಗಿ ಮೊಸರಿನ ಹಾಗೆ ಕದಡಿತು. ಅಪ್ಪಟ ಅರಿಶಿನ. ಮದುವೆಯಾಗಿ ಬಂದಾಗಿನಿಂದ ಅವಳ ಕೈ ಹಳದಿಯನ್ನು ಕೆಂಪು ಮಾಡಿತ್ತು; ಕೆಂಪು ತಿರುಗಿ ಹಳದಿಯಾದದ್ದನ್ನು ಅವಳು ಕಂಡಿರಲಿಲ್ಲ.

"ಏನದು?" ಎಂದಳು ಕಸ್ತೂರಮ್ಮ.

ಡಾಕ್ಟರು ತುಸು ನೀರು ಬೆರೆಸಿ ನಳಿಕೆಯನ್ನು ಮತ್ತೆ ದೀಪದ ಮೇಲೆ ಹಿಡಿದರು. ಕಾದಂತೆ ಹಳದಿ ತೆಳುವಾಯಿತು, ಇನ್ನೂ ತೆಳುವಾಯಿತು, ಕರಗಿತು. ಮತ್ತೆ ತಿಳಿನೀರು.

"ಹೋತಲ್ರೀ!" ಶಿವಗಂಗಮ್ಮನ ಬಾಯಿಂದ ಮಾತು ಜಾರಿತು. ಅವಳು ಗೋಡೆ ಬಿಟ್ಟು ಎದ್ದು ನಿಂತಿದ್ದಳು. "ಡಾಕ್ಟ್ರೇ, ಹೋತು. ನೋಡ್ರಿ, ಏನೂ ಇಲ್ಲ ಈಗ."

"ತಣ್ಣಗಾಗ್ಲಿ. ಸೀಸ ಇದ್ರೆ ಮತ್ತೆ ಬರ್ತದೆ," ಎಂದರು ಅವರು. ನಳಿಕೆಯನ್ನು ಕಿಟಕಿಯ ಮರದ ಚೌಕಟ್ಟಿಗೆ ಒರಗಿಸಿಟ್ಟರು.

ಎಲ್ಲರೂ ಕಿಟಕಿಯ ಕಡೆ ನೋಡುತ್ತ ನಿಂತರು. ಹೊರಗೆ ಯಾರೋ ಔಷಧದ ಬಾಟಲಿ ಹಿಡಿದು ಕೊಟ್ರಬಸಪ್ಪನನ್ನು ಕೂಗಿದರು, ಅವನು ಕದಲಲಿಲ್ಲ. ಮೊದಲು ನೀರಿನ ನಡುವೆ ಒಂದು ಕಣ ಮಿನುಗಿತು, ಬಿಸಿಲಿನ ಧೂಳೇನೋ ಎಂಬಂತೆ. ಆಮೇಲೆ ಅದರ ಮೇಲೆ ಇನ್ನೊಂದು. ಆಮೇಲೆ ಎಣಿಸಲಾರದಷ್ಟು ಬಂಗಾರದ ತೆಳು ಚೂರುಗಳು ತಿರುಗುತ್ತ, ಹೊಳೆಯುತ್ತ, ಅವಸರವಿಲ್ಲದೆ ನಳಿಕೆಯ ತಳಕ್ಕೆ ಇಳಿಯತೊಡಗಿದವು.

ಅವ್ವನ ಹೆಗಲ ಮೇಲಿದ್ದ ಗಿಡ್ಡಮ್ಮ ತಲೆ ಎತ್ತಿ ನೋಡಿ, "ನಂಗೆ ಬೇಕು," ಎಂದಳು. ಅವಳ ತೋಳು ಆ ಕಡೆ ಎದ್ದಿತು. ಅಂಗೈ ಏಳದೆ ಮಣಿಕಟ್ಟಿನಿಂದ ಜೋತಿತ್ತು. ಶಿವಗಂಗಮ್ಮ ಅದನ್ನು ಕೆಳಗಿನಿಂದ ಹಿಡಿದೆತ್ತಲು ಕೈ ಚಾಚಿದಳು. ಚಾಚಿದ ಕೈ ಅರ್ಧಕ್ಕೆ ನಿಂತಿತು. ಅವಳು ತನ್ನ ಬೆರಳುಗಳನ್ನು, ಉಗುರಿನ ಸಂದಿಗಳಲ್ಲಿ ಕೂತ ಕೆಂಪನ್ನು, ಒಂದು ಗಳಿಗೆ ನೋಡಿದಳು. ಆಮೇಲೆ ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು.